ಮುಳ್ಳು ಕಾಯುವ ಕೆಲಸ

ವಿದ್ಯುತ್ ಪ್ರವಾಹವನ್ನು ಕಾಲದಿಂದ ಗುಣಿಸಿದರೆ ಆವೇಶ. ಎಷ್ಟು ಆಂಪಿಯರ್ ಹರಿಯಿತು, ಎಷ್ಟು ಹೊತ್ತು ಹರಿಯಿತು, ಎರಡನ್ನೂ ಗುಣಿಸಿ ಬರೆಯಿರಿ ಎಂದು ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಹೇಳಿ ಹೇಳಿಯೇ ನನ್ನ ತಲೆ ಬೆಳ್ಳಗಾಯಿತು. ಮೊದಲು ತೆಲುಗಿನಲ್ಲಿ ಹೇಳುತ್ತಿದ್ದೆ. ಈಗ ಇಂಗ್ಲಿಷಿನಲ್ಲಿ ಹೇಳಿ ಅನ್ನುತ್ತಾರೆ, ಅದರಲ್ಲೂ ಹೇಳುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಸುಸ್ತಾಗುವುದು ಮಾತ್ರ ಕನ್ನಡದಲ್ಲಿ. ಪಾಠ ಸುಲಭ, ಎರಡು ಅಂಕದ ಪ್ರಶ್ನೆ, ಎಂಥ ದಡ್ಡರಿಗೂ ಉತ್ತರ ಬರುತ್ತದೆ. ಮೊನ್ನೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಕರೆಂಟು ಒಂದೇ ಸಮ ಬರದಿದ್ದರೆ ಆಗ ಹೇಗೆ ಲೆಕ್ಕ ಹಾಕುವುದು ಎಂದು ತೆಲುಗಿನಲ್ಲಿ ಕೇಳಿದಳು.

"ಕರೆಂಟು ಒಕೇಲಾಗ ರಾಕಪೋತೆ ಎಲಾ ಮೇಡಂ?"

ಅದು ದೊಡ್ಡ ಕ್ಲಾಸಿನಲ್ಲಿ ಬರುತ್ತದೆ, ಕೂತುಕೋ ಎಂದೆ. ಉತ್ತರ ಗೊತ್ತಿಲ್ಲದೆ ಹೇಳಿದ್ದಲ್ಲ, ಹೇಳಲು ಕಸುವಿರಲಿಲ್ಲ. ಆ ಉತ್ತರ ಹೇಳಬೇಕೆಂದರೆ ನಾನು ಹಿಂದೂಪುರದ ನಮ್ಮ ಮನೆಯ ಪಡಸಾಲೆಯಿಂದ ಶುರುಮಾಡಬೇಕು. ಅಲ್ಲಿ ಗೋಡೆಯ ಮೀಟರಿಗೆ ಎದುರಾಗಿ ನಮ್ಮಮ್ಮ ಕೂತಿರುತ್ತಾಳೆ. ಅವಳನ್ನು ಅಲ್ಲಿಂದ ಎಬ್ಬಿಸಿ ಕರೆತರುವುದು ಆಗಲೂ ಸುಲಭವಿರಲಿಲ್ಲ, ಈಗಲೂ ಇಲ್ಲ.

ನಮ್ಮದು ನೇಯ್ಗೆಯವರ ಮನೆ. ಪಡಸಾಲೆಯ ನಡುವೆ ಮಗ್ಗದ ಗುಂಡಿ ಇತ್ತು. ತಾತ ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದನಂತೆ, ನಾನು ನೋಡಿಲ್ಲ. ಅಪ್ಪನಿಗೆ ಮಗ್ಗ ಹತ್ತಲಿಲ್ಲ. ಅವನು ಎಲ್ಲೋ ಬ್ಯಾಟರಿ ಕೆಲಸ ಕಲಿತು ಬಂದು, ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ, ಗುಂಡಿಯ ಮೇಲೆ ಹಲಗೆ ಹೊದಿಸಿ, ಹಲಗೆಯ ಮೇಲೆ ಬ್ಯಾಟರಿಗಳನ್ನು ಸಾಲಾಗಿ ಇಟ್ಟ. ಟ್ರ್ಯಾಕ್ಟರಿನವು, ಲಾರಿಯವು, ಮದುವೆಗೆ ಮೈಕು ಕಟ್ಟುವವರವು. ಬೀದಿಯ ಬಾಗಿಲಿಗೆ "ಇಲ್ಲಿ ಬ್ಯಾಟರಿ ಚಾರ್ಜ್ ಮಾಡಲಾಗುವುದು" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬರೆಸಿದ್ದ, ಕನ್ನಡದ ಸಾಲಿನಲ್ಲಿ ಬಣ್ಣ ಮುಗಿದು ಕೊನೆಯ ಅಕ್ಷರ ಸಣ್ಣಗಾಗಿತ್ತು. ಮನೆ ತುಂಬ ಆಸಿಡ್ಡಿನ ಹುಳಿ ವಾಸನೆ. ನಮ್ಮ ಯಾರ ಬಟ್ಟೆಯೂ ನೆಟ್ಟಗಿರಲಿಲ್ಲ, ಎಲ್ಲಿ ಹನಿ ಬಿದ್ದರೆ ಅಲ್ಲಿ ಒಗೆದಾಗ ತೂತು. ಊರಿಗೆಲ್ಲ ಸೀರೆ ನೇಯ್ದು ಕೊಟ್ಟ ಮನೆಯ ಸೊಸೆ ಜರಡಿಯಂಥ ಸೆರಗು ಹೊದ್ದುಕೊಂಡು ಓಡಾಡುತ್ತಾಳೆ ಎಂದು ನರಸಜ್ಜಿ, ಅಪ್ಪನ ತಾಯಿ, ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಗೋಡೆಗೆ ಚಾರ್ಜರ್ ಪೆಟ್ಟಿಗೆ, ಅದರ ಹಣೆಯಲ್ಲಿ ಅಂಗೈಯಗಲದ ಗಾಜಿನ ಮೀಟರು, ಮೀಟರಿನಲ್ಲಿ ಕಪ್ಪನೆಯ ಒಂದು ಮುಳ್ಳು. ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಆ ಮುಳ್ಳು ತೋರಿಸುತ್ತದೆ. ಹಳೆಯ ಬ್ಯಾಟರಿಯಾದರೆ ಅಪ್ಪ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೊಸದಾಗಿ ಆಸಿಡ್ ತುಂಬಿದ ಬ್ಯಾಟರಿ ಬಂದರೆ ಮಾತ್ರ ಮನೆಯಲ್ಲಿ ಬಾಣಂತಿ ಇದ್ದಂತೆ. ಮೊದಲ ಚಾರ್ಜು ಇಷ್ಟೇ ಹೋಗಬೇಕು ಎಂದು ಲೆಕ್ಕ ಇತ್ತು. ಕಡಿಮೆಯಾದರೆ ಬ್ಯಾಟರಿ ಹುಟ್ಟಾ ರೋಗಿ, ಹೆಚ್ಚಾದರೆ ಒಳಗಿನ ಪ್ಲೇಟು ಉದುರುತ್ತದೆ. ಬೇಗ ಮುಗಿಯಲಿ ಎಂದು ಜೋರಾಗಿ ಕೊಡುವ ಹಾಗೂ ಇಲ್ಲ.

"ಸಣ್ಣ ಕರೆಂಟು, ಉದ್ದ ಹೊತ್ತು. ಹಸುಗೂಸಿಗೆ ಹಾಲು ಕುಡಿಸ್ದಂಗೆ ಕೊಡ್ಬೇಕು ಕಣಮ್ಮ," ಎನ್ನುತ್ತಿದ್ದ ಅಪ್ಪ. ಅವನು ಮಾತ್ರ ಬೆಳಗ್ಗೆ ಮೊಪೆಡ್ ಹತ್ತಿದರೆ ಚಿಲಮತ್ತೂರು, ಸೋಮಂದೇಪಲ್ಲಿ ಎಂದು ಬ್ಯಾಟರಿ ಇಳಿಸಿ ಹೇರಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹಾಲು ಕುಡಿಸುವುದು ಅಮ್ಮನ ಪಾಲಿಗೆ.

ನಮ್ಮ ಊರಿನಲ್ಲಿ ಆಗ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು, ಬೇಸರವಾದಾಗ ಹೋಗುತ್ತಿತ್ತು. ಬೆಳಗ್ಗೆ ಏಳಕ್ಕೆ ಸ್ವಿಚ್ ಹಾಕಿ ಸಂಜೆ ಏಳಕ್ಕೆ ತೆಗೆದೆ, ಹನ್ನೆರಡು ಗಂಟೆಯಾಯಿತು ಎಂದು ಹೇಳುವ ಹಾಗಿರಲಿಲ್ಲ. ನಡುವೆ ಎಷ್ಟು ಹೊತ್ತು ಹರಿಯಿತು ಎನ್ನುವುದನ್ನು ಯಾರಾದರೂ ಕೂತು ನೋಡಬೇಕು. ಅಮ್ಮ ಅದಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದಳು. ಮೀಟರಿನ ಕೆಳಗಿನ ಗೂಡಿನಲ್ಲಿ ಒಂದು ಹಿತ್ತಾಳೆಯ ಬಟ್ಟಲು. ಮುಳ್ಳು ನಾಲ್ಕರಲ್ಲಿ ನಿಂತು ಒಂದು ಗಂಟೆ ಹರಿದರೆ ಬಟ್ಟಲಿಗೆ ಒಂದು ಹುಣಸೆ ಪಿಕ್ಕ, ಅಂದರೆ ಬೀಜ. ಹಿಂದೂಪುರದಲ್ಲಿ ಹುಣಸೆ ಪಿಕ್ಕಕ್ಕೆ ಬರವೇ? ಸಂಜೆ ಊರೆಲ್ಲ ದೀಪ ಹಚ್ಚಿ ಓಲ್ಟೇಜು ಬಿದ್ದು ಮುಳ್ಳು ಎರಡಕ್ಕೆ ಇಳಿದರೆ, ಆ ಗಂಟೆಗೆ ಅರ್ಧ ಪಿಕ್ಕ. ಚೌಕಾಬಾರ ಆಡಲು ಒಡೆದು ತೇಯ್ದ ಹೋಳುಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಮೊದಲ ಚಾರ್ಜಿಗೆ ಐವತ್ತು ಪಿಕ್ಕ. ಅಲ್ಲಿಗೆ ಇನ್ನೂರು ಆಂಪಿಯರ್-ಗಂಟೆ ಎಂದು ಅಪ್ಪ ಹೇಳುತ್ತಿದ್ದ, ಅಮ್ಮನಿಗೆ ಪಿಕ್ಕ ಎಂದರೆ ಸಾಕಿತ್ತು. ರಾತ್ರಿ ಮಾತ್ರ ಚಾರ್ಜಿಂಗ್ ಇಲ್ಲ. ಜನ ಮಲಗಿರುವ ಮನೆಯಲ್ಲಿ ಆ ಹೊಗೆ ಬೇಡವೆಂದು ಅಪ್ಪನೇ ನಿಯಮ ಮಾಡಿದ್ದ.

ಹೀಗಾಗಿ ನಮ್ಮಮ್ಮ ಹಗಲಿಡೀ ಮನೆ ಬಿಟ್ಟು ಹೋಗುವವಳಲ್ಲ. ಮುದ್ದೆ ತಿರುವುತ್ತಾ ಕತ್ತು ಹೊರಳಿಸಿ ಮುಳ್ಳು ನೋಡುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕಿ, ಅದು ಚಟಪಟ ಅನ್ನುವಷ್ಟರಲ್ಲಿ ಒಂದು ಸಲ ಬಂದು ನೋಡಿ ಹೋಗುತ್ತಿದ್ದಳು. ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ನಾನು ಪಡಸಾಲೆಯಲ್ಲಿದ್ದರೆ, "ಎಷ್ಟರಲ್ಲೈತೆ?" ಎಂದು ಕೂಗುತ್ತಿದ್ದಳು. "ನಾಲ್ಕು" ಎಂದರೆ ಒಗೆತ ಮುಂದುವರಿಯುತ್ತಿತ್ತು. "ಮೂರು" ಎಂದರೆ ಕೈ ಒರೆಸಿಕೊಂಡು ಬಂದು ಪೆಟ್ಟಿಗೆಯ ಗುಂಡಿ ತಿರುಗಿಸುತ್ತಿದ್ದಳು. ಮೀಟರಿನ ಮುಳ್ಳು ಎಲ್ಲಿದೆ ಎಂದು ಯಾರು ಯಾವಾಗ ಕೇಳಿದರೂ ಅವಳಲ್ಲಿ ಉತ್ತರವಿರುತ್ತಿತ್ತು. ತನ್ನ ಮುಖ ನೋಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಮನೆಯಲ್ಲಿದ್ದ ಒಂದೇ ಕನ್ನಡಿ ಅಪ್ಪನ ಗಡ್ಡಕ್ಕೆಂದು ಹಿತ್ತಲಿನ ಕಂಬದಲ್ಲಿ ಎತ್ತರಕ್ಕೆ ತೂಗುತ್ತಿತ್ತು, ಕುಂಕುಮವನ್ನು ಅವಳು ಬೆರಳಿನ ಅಂದಾಜಿನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಯಾರಾದರೂ ಮದುವೆಗೆ ಕರೆದರೆ, "ಬತ್ತೀನಿ ಕಣಮ್ಮ, ಕರೆಂಟ್ ಹೋದ್ರೆ ಬತ್ತೀನಿ," ಎನ್ನುತ್ತಿದ್ದಳು. ಮದುವೆಯ ದಿನಕ್ಕೆ ಸರಿಯಾಗಿ ಕರೆಂಟು ನಿಗಿನಿಗಿ ಇರುತ್ತಿತ್ತು. ಇಂಥ ಮನೆಯಲ್ಲಿ ಬೆಳೆದ ನನಗೆ ಕಾಯುವುದೇ ಕೆಲಸ ಎನ್ನುವುದು ಬೇಗ ತಲೆಗೆ ಹೋಯಿತು. ಕಾಯುವವರನ್ನು ಕೆಲಸದವರು ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದು ತಡವಾಗಿ ತಿಳಿಯಿತು.

ಅಮ್ಮನ ತವರು ಇದೇ ಕಲ್ಯಾಣದುರ್ಗ. ನನ್ನನ್ನು ಹೊತ್ತಾಗ ಹೋಗಿ ಬಂದವಳು ಆಮೇಲೆ ಒಂದೆರಡು ಸಲ, ಅದೂ ಬೆಳಗ್ಗೆ ಹೋಗಿ ಸಂಜೆ ಬಂದದ್ದು. ಅವಳ ತಾಯಿಯನ್ನು ನಾನು ಅವ್ವ ಎನ್ನುತ್ತಿದ್ದೆ. ಅವ್ವನ ಎರಡು ಕಣ್ಣಿಗೂ ಪೊರೆ ಬಂದು ಬಹಳ ಕಾಲವಾಗಿತ್ತು, ಮನುಷ್ಯರನ್ನು ದನಿಯಲ್ಲೇ ಗುರುತು ಹಿಡಿಯುತ್ತಿದ್ದಳು. ನಾನು ಐದನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಒಂದು ದಿನ ಮಾವ, ಅಮ್ಮನ ತಮ್ಮ, ಬಂದ. ಅವ್ವನ ಒಂದು ಕಣ್ಣಿಗೆ ಆಪರೇಷನ್ ಆಗುತ್ತದೆ, ನಾಲ್ಕು ದಿನ ಕಟ್ಟು ಇರುತ್ತದೆ, ಐದನೆಯ ದಿನ ಬಿಚ್ಚುತ್ತಾರೆ ಎಂದ.

"ಕಟ್ಟು ಬಿಚ್ಚಿದ್ರೆ ಮೊದ್ಲು ನನ್ನ ಮಗಳ ಮಕ ನೋಡ್ಬೇಕು ಅಂತ ಹಟ ಹಿಡ್ದವ್ಳೆ ಕಣಕ್ಕ. ನೀನು ಬರ್ಲಿಲ್ಲ ಅಂದ್ರೆ ಕಟ್ಟೇ ಬಿಚ್ಚಿಸ್ಕಳಲ್ವಂತೆ."

ಆ ದಿನ ಹಲಗೆಯ ಮೇಲೆ ಚಿಲಮತ್ತೂರಿನ ಆರು ಹೊಸ ಬ್ಯಾಟರಿಗಳಿದ್ದವು, ಮೊದಲ ಚಾರ್ಜು ಅರ್ಧ ದಾರಿಯಲ್ಲಿತ್ತು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಬ್ಯಾಟರಿಗಳ ಮುಖ ನೋಡಿದ. ಗಾಜಿನ ಹೈಡ್ರೋಮೀಟರು ಇದ್ದಿದ್ದರೆ ಬ್ಯಾಟರಿ ತುಂಬಿತೋ ಇಲ್ಲವೋ ಎಂದು ಕೊನೆಗಾದರೂ ಒಂದು ಸಲ ಅದ್ದಿ ನೋಡಬಹುದಿತ್ತು. ಅದನ್ನು ಅಪ್ಪನೇ ಕೈಜಾರಿಸಿ ಒಡೆದು, ಹೊಸದು ತರಿಸುತ್ತೇನೆ ಎಂದು ಹೇಳಿ ಹೇಳಿ ಯುಗಾದಿ ಕಳೆದಿತ್ತು. ಅಜ್ಜಿಗೆ ಮುಳ್ಳು ಕಾಣುತ್ತಿರಲಿಲ್ಲ. ಕಂಡರೂ ಕರೆಂಟಿನ ಹತ್ತಿರ ಸುಳಿಯುತ್ತಿರಲಿಲ್ಲ. ಉಳಿದವಳು ನಾನು. ಅಮ್ಮ ಒಂದು ಇಡೀ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಯಾವಾಗ ಇಡೀ ಪಿಕ್ಕ, ಯಾವಾಗ ಹೋಳು, ಮುಳ್ಳು ಇಳಿದರೆ ಗುಂಡಿ ಎಷ್ಟು ತಿರುಗಿಸಬೇಕು, ಎಲ್ಲವನ್ನೂ. ನಾನು ಬಾಯಲ್ಲಿ ಎಣಿಸತೊಡಗಿದರೆ ಗದರಿದಳು.

"ತಲೇಲಿ ಎಣಿಸ್ಬೇಡ, ಮರ್ತೋಯ್ತೀಯ. ಬಟ್ಲು ಮರೆಯಕಿಲ್ಲ. ಹಾಕಿ ಸುಮ್ಕಿರು."

ಅದು ಈ ಮನೆಯ ಹಳೆಯ ರೂಢಿಯೂ ಹೌದು. ಮಗ್ಗದ ಮೇಲಿರುವ ಸೀರೆಯನ್ನು ನಡುವೆ ಅಳೆಯಬಾರದು, ಅಳೆದರೆ ಕೈ ಸೋಲುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಮಗ್ಗ ಹೋದರೂ ಮಾತು ಉಳಿದಿತ್ತು, ಬಟ್ಟಲಿನ ಪಿಕ್ಕವನ್ನು ತುಂಬುವ ಹೊತ್ತು ಹತ್ತಿರವಾಗುವ ತನಕ ಯಾರೂ ಎಣಿಸುತ್ತಿರಲಿಲ್ಲ. ಒಪ್ಪಿಸಿ ಹೋಗುವಾಗ ಮಾತ್ರ ಎಣಿಸಬಹುದು. ಹೊರಡುವ ಬೆಳಗ್ಗೆ ಅಮ್ಮ ಸ್ವಿಚ್ ಹಾಕಿ, ಬಟ್ಟಲನ್ನು ಸೆರಗಿಗೆ ಸುರಿದು ಎಣಿಸಿ, "ಇಪ್ಪತ್ತಾರು ಐತೆ, ನಿನ್ ಕೈಗೆ ಒಪ್ಪಿಸ್ತಿವ್ನಿ," ಎಂದು ನನ್ನ ಕೈಗಿಟ್ಟಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಇನ್ನೊಮ್ಮೆ ಮುಳ್ಳು ನೋಡಿದಳು. ಆಮೇಲೆ ತವರಿಗೆ ಹೋಗಲು ಪೆನುಕೊಂಡದ ಬಸ್ಸಿಗೆ ಓಡಿದಳು.

ಎರಡು ದಿನ ನಾನು ಆ ಮೀಟರಿನ ಎದುರು ಕೂತೆ. ಮಕ್ಕಳು ಬೀದಿಯಲ್ಲಿ ಕೂಗಾಡುತ್ತಿದ್ದರು, ನಾನು ಕದಲಲಿಲ್ಲ. ಸುಮ್ಮನೆ ಕೂರುವುದು ಇಷ್ಟು ಮೈ ನೋಯಿಸುತ್ತದೆ ಎಂದು ಆಗ ಗೊತ್ತಾಯಿತು. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ, ಮುಳ್ಳು ಅಲುಗದಿದ್ದರೂ ಅಲುಗಿದಂತೆ ಅನಿಸುತ್ತದೆ. ಕರೆಂಟು ಹೋದರೆ ಬಿಡುಗಡೆ. ಆಗ ನಾನು ಎದ್ದು ನೀರು ತರುವುದು, ಅಂಗಡಿಗೆ ಹೋಗಿಬರುವುದು ಮಾಡುತ್ತಿದ್ದೆ. ನನಗೆ ಬಿಡುಗಡೆಯಾದಾಗ ಅಜ್ಜಿಯ ಕೆಲಸ ಶುರುವಾಗುತ್ತಿತ್ತು. ನಮ್ಮ ಬೀದಿಯ ಹೆಂಗಸರೆಲ್ಲ ಮಂಡಿಯವರ ಹುಣಸೆಹಣ್ಣು ತಂದು, ಕುಟ್ಟಿ, ನಾರು ಪಿಕ್ಕ ಬಿಡಿಸಿ ಕೊಡುತ್ತಿದ್ದರು. ಅಜ್ಜಿ ಈಚಲು ಚಾಪೆ ಹಾಸಿ, ಮಂಕರಿಯಿಂದ ಹಣ್ಣು ಸುರಿದು, ಮರದ ಕೊಡತಿಯಿಂದ ಹೊಡೆಯುತ್ತಾ ಕೂರುತ್ತಿದ್ದಳು. ಒಂದೊಂದು ಮಂಕರಿಯ ಹುಳಿಯನ್ನು ಒಂದೊಂದು ಗುಡ್ಡೆ ಮಾಡುತ್ತಿದ್ದಳು. ಕರೆಂಟು ಬಂದು ಫ್ಯಾನು ತಿರುಗಿದೊಡನೆ ಕೊಡತಿ ಬಿಟ್ಟು, ಚಾಪೆಯ ಮೇಲೆ ಗೋಣಿ ಹೊದಿಸಿ, ಫ್ಯಾನಿನ ಕೆಳಗೆ ಅಡ್ಡಾಗುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು, ನಾನು ಉಪ್ಪು ತರಲು ಹೋಗಿದ್ದೆ. ಪಿಕ್ಕ ಕೊಳ್ಳುವವನು ಸೈಕಲ್ಲಿನಲ್ಲಿ ಬಂದು, "ಅವ್ವಾ, ಚಿಂತಪಿಕ್ಕಲುನ್ನಾಯಾ?" ಎಂದು ಕೂಗಿದನಂತೆ. ಅಜ್ಜಿ ಪಿಕ್ಕ ಸುರಿದಳು, ಅವನು ಸೇರಿನಲ್ಲಿ ಅಳೆದ. ಕೊನೆಯ ಸೇರು ಕಂಠದವರೆಗೆ ಬಂತು, ತಲೆಗಟ್ಟಲಿಲ್ಲ. ನಮ್ಮಜ್ಜಿ ಜನ್ಮದಲ್ಲಿ ಯಾರಿಗೂ ತಲೆಗಟ್ಟದ ಸೇರು ಅಳೆದು ಕೊಟ್ಟವಳಲ್ಲ. ಕೊಡುವ ಸೇರು ಗೋಪುರದ ಹಾಗಿರಬೇಕು, ಇಲ್ಲದಿದ್ದರೆ ಮನೆಯ ಲಕ್ಷ್ಮಿ ಸೊರಗುತ್ತಾಳೆ ಎನ್ನುವವಳು. ಇನ್ನೊಂದು ಹಿಡಿ ಪಿಕ್ಕಕ್ಕಾಗಿ ಅತ್ತ ಇತ್ತ ನೋಡಿದಳು. ಗೂಡಿನಲ್ಲಿ ಬಟ್ಟಲು ಕಂಡಿತು. ಕೈ ಹೋಯಿತು, ಸುರಿಯಿತು, ಸೇರು ತಲೆಗಟ್ಟಿತು. ಸೈಕಲ್ಲು ಬೀದಿ ತಿರುಗಿದ ಮೇಲೆ ಅವಳಿಗೆ ತಾನು ಏನು ಮಾಡಿದೆ ಎಂದು ಹೊಳೆಯಿತು.

ನಾನು ಬಂದಾಗ ಅವಳು ಖಾಲಿ ಬಟ್ಟಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಸುಟ್ಟೋಗ ನನ್ ಬುದ್ಧಿ. ನಿಮ್ಮಮ್ಮುನ್ ಲೆಕ್ಕನೆಲ್ಲಾ ಸುರ್ದ್‌ಬುಟ್ಟೆ ಕಣೆ ಪದ್ಮಾ."

ಒಟ್ಟು ಎಷ್ಟಾಗಿತ್ತು ಎಂದು ಅಜ್ಜಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಎಣಿಸಬೇಡ ಎಂದಿದ್ದಳು ಅಮ್ಮ, ಎಣಿಸಿರಲಿಲ್ಲ. ಬ್ಯಾಟರಿಗಿಂತ ಅಪ್ಪನ ಮಾತಿಗೇ ನನಗೆ ಹೆಚ್ಚು ಹೆದರಿಕೆ, ಅವನು ಏನು ಹೇಳಬಹುದು ಎಂದು ಆಗಲೇ ಗೊತ್ತಾಗಿತ್ತು. ಸಂಜೆ ಅವನು ಬಂದು ಕೈಕಾಲು ತೊಳೆದು ವಿಷಯ ಕೇಳಿದ ಮೇಲೆ ಅದನ್ನೇ ಹೇಳಿದ. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಆಯಾಸದಿಂದ ಹೇಳಿದ.

"ಅವ್ಳಿಲ್ದಿದ್ರೆ ಈ ಮನೇಲಿ ಒಂದೂ ನೆಟ್ಟಗಾಗಕಿಲ್ಲ. ನಾಳೆ ಬೆಳಗ್ಗೆ ಬೂತ್‌ನಾಗೆ ಫೋನ್ ಮಾಡಿ ಬಂದ್ಬುಡು ಅಂತೀನಿ. ಬಂದು ನೋಡ್ಕಳ್ಳಿ."

"ನಾಡಿದ್ದು ಕಟ್ಟು ಬಿಚ್ಚದು ಕಣ್ಲಾ," ಎಂದಳು ಅಜ್ಜಿ.

"ಗೊತ್ತು. ಅಲ್ಲಿ ಅವ್ಳ ತಮ್ಮ ಅವ್ನೆ, ನಾದಿನಿ ಅವ್ಳೆ. ಇಲ್ಲಿ ಯಾರವ್ರೆ?"

"ನಾನಿಲ್ವೇನ್ಲಾ?"

"ನೀನಿದ್ದುದ್ದಕ್ಕೇ ಹಿಂಗಾಗಿದ್ದು ಕಣಮ್ಮ."

ಅಮ್ಮನನ್ನು ಕಂಡರೆ ಅಜ್ಜಿಗೆ ಮಹಾ ಪ್ರೀತಿಯೇನೂ ಇರಲಿಲ್ಲ. ಉಪ್ಪು ಹೆಚ್ಚಾಯಿತು, ರೇಡಿಯೋ ಜೋರಾಯಿತು, ನಿನ್ನ ತವರಿನವರಿಗೆ ರೀತಿ ಗೊತ್ತಿಲ್ಲ ಎಂದು ದಿನವೂ ಒಂದು ಜಗಳ ಇದ್ದದ್ದೇ. ಆ ಸಂಜೆ ಮಾತ್ರ ಅವಳು ಚಾಪೆಯ ಮೇಲಿನ ಹುಳಿಯ ಗುಡ್ಡೆಗಳನ್ನು ನೋಡುತ್ತಾ ಬಹಳ ಹೊತ್ತು ಕೂತಳು. ನಾನೂ ಅವನ್ನೇ ನೋಡುತ್ತಿದ್ದೆ, ಬೇರೆ ನೋಡಲು ಏನೂ ಇರಲಿಲ್ಲ. ಅಮ್ಮ ಹೊರಟ ಬೆಳಗ್ಗೆ ಮಂಡಿಯ ಆಳು ಬಂದು ಚಾಪೆ ಖಾಲಿ ಮಾಡಿಕೊಂಡು ಹೋಗಿದ್ದ. ಈಗ ಐದು ಗುಡ್ಡೆಗಳಿದ್ದವು.

"ಅಜ್ಜಿ, ಕರೆಂಟ್ ಇದ್ದಾಗ ನೀನು ಯಾಕೆ ಹಣ್ಣು ಕುಟ್ಟಲ್ಲ?" ಎಂದೆ. ಲೆಕ್ಕ ಹೊಳೆದು ಕೇಳಿದ್ದಲ್ಲ, ಸುಮ್ಮನೆ ಕೇಳಿದೆ.

"ಫ್ಯಾನ್ ಗಾಳಿಗೆ ಸಿಪ್ಪೆ ಪುಡಿಯೆಲ್ಲಾ ಕಣ್ಣಿಗೆ ಬೀಳ್ತದೆ ಕಣಮ್ಮ. ಫ್ಯಾನ್ ಆರಿಸಿ ಕುಟ್ಟಾಕೆ ಈ ಸೆಕೆನಾಗೆ ನನ್ಗೇನು ಹುಚ್ಚಾ? ಕರೆಂಟ್ ಹೋದ್ರೆ ಕೊಡತಿ, ಬಂದ್ರೆ ನಿದ್ದೆ."

"ಹೋದಾಗೆಲ್ಲಾ ಕುಟ್ಟಿದ್ಯಾ? ಒಂದ್ಸಲನೂ ಬಿಡ್ಲಿಲ್ವಾ?"

"ಬಿಟ್ಟಿದ್ರೆ ಐದು ಮಂಕರಿ ಆಗ್ತಿತ್ತೇನೆ?"

ಆಗ ನನಗೆ ಹೊಳೆಯಿತು. ಆ ದಿನ ಕರೆಂಟು ಗೋಡೆಯ ಗಡಿಯಾರ ಹನ್ನೆರಡು ತೋರಿಸುವಾಗ ಹೋಗಿ, ಎರಡು ತೋರಿಸುವಾಗ ಬಂದಿತ್ತು. ಅಜ್ಜಿ ಒಂದು ಮಂಕರಿ ಸುರಿದುಕೊಂಡು ಕೂತಿದ್ದಳು, ಫ್ಯಾನು ತಿರುಗುವ ಹೊತ್ತಿಗೆ ತಳ ಕಂಡಿತ್ತು. ಒಂದು ಮಂಕರಿಗೆ ಎರಡು ಗಂಟೆ. ಐದು ಮಂಕರಿಗೆ ಹತ್ತು ಗಂಟೆ. ಅಷ್ಟು ಹೊತ್ತು ಕರೆಂಟು ಇರಲಿಲ್ಲ. ಎರಡು ಹಗಲಿನ ಇಪ್ಪತ್ನಾಲ್ಕರಲ್ಲಿ ಹತ್ತು ಕಳೆದರೆ ಹದಿನಾಲ್ಕು ಗಂಟೆ ಹರಿದಿದೆ. ಹದಿನಾಲ್ಕು ಪಿಕ್ಕ. ನಾನು ಅದನ್ನು ಕೂಗಿಯೇ ಹೇಳಿದೆ. ಅಪ್ಪ ಬೀಡಿ ಹಚ್ಚುತ್ತಿದ್ದವನು ತಿರುಗಿ ನೋಡಿದ.

"ಮುಳ್ಳು ನಾಲ್ಕರಲ್ಲೇ ಇತ್ತಾ? ನಿನ್ನೆ ಸಂಜೆ ಓಲ್ಟೇಜ್ ಬಿದ್ದಿತ್ತಲ್ಲ."

ನನಗೆ ಹೋಳು ಹಾಕಿದ ನೆನಪು, ಎಷ್ಟು ಎಂದು ನೆನಪಿಲ್ಲ. ಅಜ್ಜಿ ಅಪ್ಪನ ಕಡೆ ತಿರುಗಿ ನೆನಪು ಮಾಡಿಕೊಟ್ಟಳು.

"ನಿನ್ನೆ ಹೊತ್ತಿಳಿಯಾಗ ಫ್ಯಾನ್ ಮುದಿ ಎತ್ತು ಗಾಣ ತಿರುಗಿಸ್ದಂಗೆ ತಿರುಗ್ತಿತ್ತು. ಶಾಲೆ ಮೈದಾನದ ಹುಡುಗ್ರು ಆಟಕ್ಕೆ ಬಂದಾಗಿಂದ ನೀನು ಮನೇಗೆ ಬರೋವರ್ಗೂ ಹಂಗೇ."

ಹುಡುಗರು ಆಟಕ್ಕೆ ಬರುವುದು ಐದಕ್ಕೆ. ಅಪ್ಪ ಬಂದದ್ದು ಏಳಕ್ಕೆ. ಆ ಎರಡು ಗಂಟೆಗೆ ಎರಡು ಹೋಳು, ಅಂದರೆ ಒಂದೇ ಪಿಕ್ಕ. ಹದಿನಾಲ್ಕರಲ್ಲಿ ಒಂದು ಹೋಯಿತು. ಅಮ್ಮನ ಇಪ್ಪತ್ತಾರಕ್ಕೆ ಹದಿಮೂರು ಸೇರಿದರೆ ಮೂವತ್ತೊಂಬತ್ತು. ಅಪ್ಪ ಗೋಡೆಗೆ ಸೀಮೆಸುಣ್ಣದಲ್ಲಿ ಗುಣಿಸಿದ. ನೂರಾ ಐವತ್ತಾರು ಹೋಗಿದೆ, ನಲವತ್ನಾಲ್ಕು ಹೋಗಬೇಕು, ಹನ್ನೊಂದು ಪಿಕ್ಕ ಬಾಕಿ. ಗುಣಾಕಾರ ಸರಿಯಾಗಿಯೇ ಇತ್ತು. ಆದರೂ ಅವನು ಬ್ಯಾಟರಿಗಳ ಮೇಲೆ ಬಗ್ಗಿ ಒಂದೊಂದಕ್ಕೂ ಕಿವಿಗೊಟ್ಟ, ಮುಚ್ಚಳ ತೆಗೆದು ಒಳಗೆ ಇಣುಕಿದ. ಮತ್ತೆ ಬಂದು ಕೂತು, ಇದೆಲ್ಲ ಅಂದಾಜು, ಕುಟ್ಟುವ ಕೈ ಒಮ್ಮೆ ಬಿರುಸು ಒಮ್ಮೆ ನಿಧಾನ, ಇದನ್ನು ನಂಬಿಕೊಂಡು ಬ್ಯಾಟರಿ ಕೊಡಲು ಆಗುತ್ತದೆಯೇ, ಫೋನ್ ಮಾಡುವುದೇ ವಾಸಿ ಎಂದ.

ಅಜ್ಜಿ ಕೊಡತಿಯನ್ನು ನೆಲಕ್ಕೆ ಕುಟ್ಟಿದಳು. ಅಷ್ಟು ಜೋರಾಗಿ ಅಲ್ಲ.

"ನಮ್ಮವ್ವ ಸಾಯಾಗ ನನ್ಗೂ ಹೇಳಿಕಳ್ಸಿದ್ರು ಕಣ್ಲಾ. ಮಗ್ಗದ ಮ್ಯಾಲೆ ಮದ್ವೆ ಸೀರೆ ಐತೆ, ಇನ್ನೊಂದು ಮೊಳ ಐತೆ, ಲಾಳಿಗೆ ನೂಲು ಸುತ್ತೋರಿಲ್ಲ, ಮುಗಿಸ್ಕಂಡು ಹೋಗು ಅಂದ ನಿಮ್ಮಪ್ಪ. ಮುಗಿಸ್ದೆ. ಹೋದೆ. ಮಣ್ಣಾಗಿತ್ತು. ಆ ಸೀರೆ ಯಾರು ಉಟ್ರೋ, ಯಾವಾಗ ಹರ್ದೋಯ್ತೋ. ನನ್ಗೆ ಮಾತ್ರ ಆ ಒಂದು ಮೊಳ ಇವತ್ತಿಗೂ ಮುಗ್ದಿಲ್ಲ. ಫೋನ್ ಮಾಡ್ಬೇಡ."

ಅಪ್ಪನ ಬೀಡಿ ಆರಿತ್ತು, ಮತ್ತೆ ಹಚ್ಚಲಿಲ್ಲ. ಬೆಳಗ್ಗೆ ಎದ್ದಾಗ ಗೂಡಿನ ಬಟ್ಟಲಿನಲ್ಲಿ ಪಿಕ್ಕ ಇದ್ದವು. ಎಣಿಸಿ ನೋಡಿದೆ, ಮೂವತ್ತೊಂಬತ್ತು. ಅಪ್ಪ ಬೂತಿನ ಕಡೆ ಹೋಗದೆ ಸೀದಾ ಸೋಮಂದೇಪಲ್ಲಿಯ ದಾರಿ ಹಿಡಿದ.

ಮುಂದಿನ ದಿನಗಳಲ್ಲಿ ಅಜ್ಜಿ ನನ್ನ ಪಕ್ಕದಲ್ಲೇ ಅಡ್ಡಾಗುತ್ತಿದ್ದಳು. ನಾನು ತೂಕಡಿಸಿದರೆ ಕಾಲಿನಿಂದ ತಿವಿಯುತ್ತಿದ್ದಳು. ಕರೆಂಟು ಆ ದಿನಗಳಲ್ಲಿ ಇನ್ನೂ ಜಿಪುಣವಾಗಿತ್ತು, ಮುಳ್ಳು ಎರಡರ ಮೇಲೆ ಏಳಲು ಒದ್ದಾಡುತ್ತಿತ್ತು, ಬಟ್ಟಲಿಗೆ ಹೋಳುಗಳೇ ಬೀಳುತ್ತಿದ್ದವು. ಕಟ್ಟು ಬಿಚ್ಚುವ ಬೆಳಗ್ಗೆ ಅಜ್ಜಿ ದೇವರ ಗೂಡಿಗೆ ಎರಡು ಸಲ ದೀಪ ಹಚ್ಚಿದಳು, ಯಾಕೆಂದು ಹೇಳಲಿಲ್ಲ. "ಈಗ ನೋಡಿರ್ತಾಳೆ," ಎಂದು ಮಾತ್ರ ಒಮ್ಮೆ ತನ್ನಷ್ಟಕ್ಕೆ ಅಂದುಕೊಂಡಳು. ನನಗೂ ಅದೇ ಧ್ಯಾನ. ಅವ್ವ ಕಣ್ಣು ಬಿಟ್ಟಿರುತ್ತಾಳೆ, ಅಮ್ಮ ಎದುರಿಗೆ ನಿಂತಿರುತ್ತಾಳೆ, ಇಬ್ಬರೂ ಅತ್ತಿರುತ್ತಾರೆ. ಅದನ್ನು ನಾನೇ ಕೂತು ಕಾದು ಕೊಟ್ಟೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಮಾರನೆಯ ದಿನ ಮಧ್ಯಾಹ್ನ ಅಮ್ಮ ಬಂದಳು. ಕೊನೆಯ ಎರಡು ಪಿಕ್ಕ ಬಾಕಿ ಇತ್ತು, ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಚೀಲ ಬಾಗಿಲಲ್ಲೇ ಇಟ್ಟು, ಬಸ್ಸಿನ ಧೂಳಿನಲ್ಲೇ, ಅಭ್ಯಾಸದಂತೆ ತನ್ನ ಜಾಗದಲ್ಲಿ ಕೂತಳು. ಅಜ್ಜಿ ತಾನೇ ಎದ್ದು ನೀರು ತಂದುಕೊಟ್ಟಳು. ನಾನು ಹುಟ್ಟಿದ ಮೇಲೆ ಅದನ್ನು ನೋಡಿದ್ದು ಅದೇ ಮೊದಲು.

"ಕಟ್ಟು ಬಿಚ್ಚುದ್ರಾ? ಕಣ್ಣು ಬಂತಾ ನಿಮ್ಮವ್ವುಂಗೆ?"

"ಬಂತು ಅತ್ತೆ. ಚೆನ್ನಾಗ್ ಬಂತು. ಗೋಡೆ ಮ್ಯಾಲಿನ ಹಲ್ಲಿನೂ ಕಾಣ್ತದಂತೆ."

"ಮೊದ್ಲು ನಿನ್ನೇ ನೋಡುದ್ಲಾ?"

ಅಮ್ಮ ನಕ್ಕಳು. ನೀರು ಕುಡಿದು, ಲೋಟ ಕೆಳಗಿಟ್ಟು, ಇನ್ನೊಮ್ಮೆ ನಕ್ಕಳು.

"ನನ್ನೇ ನೋಡುದ್ಲು. ಮಕ ಹಿಡ್ಕಂಡು ಇಷ್ಟೊತ್ತು ನೋಡುದ್ಲು. ಆಮ್ಯಾಲೆ, ಯಾವ ಬಸ್ಸಿಗೆ ಬಂದೆ ಅಕ್ಕಯ್ಯ ಕುಂದುರ್ಪಿಯಿಂದ, ಅಂದ್ಲು."

ಕುಂದುರ್ಪಿಯಲ್ಲಿದ್ದದ್ದು ಅವ್ವನ ಅಕ್ಕ. ಹಲ್ಲೆಲ್ಲ ಬಿದ್ದಿದ್ದ ಮುದುಕಿ.

"ನಾನು ಮಾತಾಡ್ದೆ, ಆಗ ದನಿ ಗುರ್ತು ಸಿಕ್ತು. ನಿನ್ನ ಮಕ ಎಲ್ಲಿ ಬಿಟ್ಟು ಬಂದೆ ಲಕ್ಷ್ಮಿ, ಅಂತ ಅತ್ಲು. ಕಣ್ಣಿಗೆ ನೀರಾಗ್ಬಾರ್ದು ಅಂತ ಡಾಕ್ಟ್ರು ಬೈದ್ರು." ಅಮ್ಮ ಮತ್ತೂ ನಗುತ್ತಲೇ ಇದ್ದಳು. "ನಾವೆಲ್ಲಾ ನಗಾಡಿ ನಗಾಡಿ ಸಾಕಾಯ್ತು."

ಅಜ್ಜಿ ನಗಲಿಲ್ಲ. ಚಾಪೆಯ ಅಂಚಿನ ನಾರನ್ನು ಒಂದೊಂದಾಗಿ ಕೀಳುತ್ತಾ ಕೂತಳು. ಅಮ್ಮ ಎದ್ದಳು. ಮೀಟರಿನ ಹತ್ತಿರ ಹೋಗಿ, ತೂತುಬಿದ್ದ ಸೆರಗಿನಿಂದ ಗಾಜನ್ನು ಒರೆಸಿದಳು. ಒರೆಸಿದ ಮೇಲೂ ಅದರ ಮುಂದೆಯೇ ನಿಂತಿದ್ದಳು, ಹಣೆ ಗಾಜಿಗೆ ತಾಗುವಷ್ಟು ಹತ್ತಿರ. ಒಂದು ಬೆರಳು ಗಲ್ಲದ ಮೇಲೆ ಹೋಯಿತು, ಕಣ್ಣಿನ ಕೆಳಗೆ ಹೋಯಿತು, ಅಲ್ಲೇ ನಿಂತಿತು. ಗಂಟೆ ತುಂಬುತ್ತಾ ಬಂದಿತ್ತು. ಇಡೀ ಪಿಕ್ಕವೋ ಹೋಳೋ ತಿಳಿಯದೆ ನಾನು ಎರಡನ್ನೂ ಕೈಯಲ್ಲಿ ಹಿಡಿದು ಕಾದೆ.

"ಎಷ್ಟರಲ್ಲೈತಮ್ಮ ಮುಳ್ಳು?" ಎಂದು ಕೇಳಿದೆ.

"ನೋಡ್ಲಿಲ್ಲ ಕಣಮ್ಮ," ಎಂದಳು.